ಬಾಬ್ ಡಿಲನ್: ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ ಗಾಯಕ, ಹಾಡು ಕಟ್ಟುವ ಬಾಬ್ ಡಿಲನ್ ಅವರ ಹಾಡುಗಳನ್ನು ಹೊಸದಾಗಿ ಕೇಳಲು ಶುರು ಮಾಡಿದ ಗೆಳೆಯರು ನನ್ನ ಹತ್ತಿರ ಕೇಳುವ ಪ್ರಶ್ನೆಗಳು ಹೆಚ್ಚೂಕಡಿಮೆ ಒಂದೇ ಥರ ಇರುತ್ತವೆ. ಅವನ್ನೆಲ್ಲ ಇಲ್ಲಿ ಒಟ್ಟು ಮಾಡಿ, ನನಗೆ ತಿಳಿದಷ್ಟು ಉತ್ತರ ಬರೆದಿದ್ದೇನೆ. ಕೆಲವಕ್ಕೆ ಎರಡು ಸಾಲು ಸಾಕು. ಕೆಲವಕ್ಕೆ ಜಾಸ್ತಿ ಹೇಳಬೇಕಾಗುತ್ತದೆ.

ಬಾಬ್ ಡಿಲನ್ ಅನ್ನೋದು ನಿಜವಾದ ಹೆಸರಾ? ಅವರು ಎಲ್ಲಿಯವರು?

ಅಪ್ಪ ಅಮ್ಮ ಇಟ್ಟ ಹೆಸರು ರಾಬರ್ಟ್ ಆಲನ್ ಜಿಮ್ಮರ್‌ಮನ್. ಹುಟ್ಟಿದ್ದು 1941ರ ಮೇ 24ರಂದು, ಅಮೆರಿಕದ ಮಿನೆಸೋಟ ರಾಜ್ಯದ ಡುಲೂತ್‌ನಲ್ಲಿ. ಬೆಳೆದದ್ದು ಹಿಬ್ಬಿಂಗ್ ಎಂಬ ಕಬ್ಬಿಣದ ಅದಿರಿನ ಗಣಿ ಊರಿನಲ್ಲಿ. ಯಹೂದಿ ಕುಟುಂಬ. ತಂದೆಯ ಹೆತ್ತವರು ಒಡೆಸ್ಸಾದಿಂದ ವಲಸೆ ಬಂದವರು. ತಂದೆಗೆ ಪೋಲಿಯೋ ಆಗಿತ್ತು. ಅಣ್ಣತಮ್ಮಂದಿರ ಜೊತೆ ಸೇರಿ ಎಲೆಕ್ಟ್ರಿಕ್ ಸಾಮಾನಿನ ಅಂಗಡಿ ನಡೆಸುತ್ತಿದ್ದರು.

ಮಗ ರಾತ್ರಿ ಹೊತ್ತು ರೇಡಿಯೋ ಹಚ್ಚಿಕೊಂಡು ದೂರದ ದಕ್ಷಿಣ ರಾಜ್ಯಗಳ ಸ್ಟೇಷನ್ ಹಿಡಿಯುತ್ತಿದ್ದ. ಬ್ಲೂಸ್, ಕಂಟ್ರಿ, ಆಮೇಲೆ ರಾಕ್ ಅಂಡ್ ರೋಲ್ ಎಲ್ಲವೂ ಕಿವಿಗೆ ಬಿದ್ದದ್ದು ಹಾಗೆ. 1959ರ ಜನವರಿ ಕೊನೆಯಲ್ಲಿ ಡುಲೂತ್‌ನಲ್ಲಿ ರಾಕ್ ಅಂಡ್ ರೋಲ್ ಗಾಯಕ ಬಡ್ಡಿ ಹಾಲಿಯ ಕಾರ್ಯಕ್ರಮ ನೋಡಿ ಬಂದ. ಮೂರೇ ದಿನಕ್ಕೆ ಹಾಲಿ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಐವತ್ತೆಂಟು ವರ್ಷದ ಮೇಲೆ ನೊಬೆಲ್ ಉಪನ್ಯಾಸ ಕೊಡುವಾಗಲೂ ಡಿಲನ್ ಆ ರಾತ್ರಿಯಿಂದಲೇ ಮಾತು ಶುರು ಮಾಡಿದರು.

ಹೆಸರನ್ನು ಕಾನೂನು ಪ್ರಕಾರ ಬದಲಿಸಿಕೊಂಡದ್ದು 1962ರಲ್ಲಿ. ಆ ಹೆಸರೇ ಯಾಕೆ ಅನ್ನುವುದಕ್ಕೆ ಅವರೇ ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ಉತ್ತರ ಕೊಟ್ಟಿದ್ದಾರೆ.

ಕಾಲೇಜು ಬಿಟ್ಟು ನ್ಯೂಯಾರ್ಕಿಗೆ ಹೋಗಿದ್ದು ಯಾಕೆ?

ವುಡಿ ಗಥ್ರಿಯನ್ನು ನೋಡುವುದಕ್ಕೆ. ಗಥ್ರಿ ಓಕ್ಲಹೋಮಾದ ಜನಪದ ಗಾಯಕ. 1930ರ ದಶಕದಲ್ಲಿ ಬರ ಮತ್ತು ದೂಳಿನ ಬಿರುಗಾಳಿಗೆ ಸಿಕ್ಕಿ ಗುಳೆ ಹೊರಟ ರೈತರ ಹಾಡು ಕಟ್ಟಿದವರು. ಮಿನಿಯಾಪೊಲಿಸ್‌ನಲ್ಲಿ ಕಾಲೇಜಿಗೆ ಸೇರಿದ್ದ ಡಿಲನ್, ಗಥ್ರಿಯ ಆತ್ಮಕತೆ ಓದಿ ಹುಚ್ಚು ಹಿಡಿಸಿಕೊಂಡರು. ಮಾತಾಡುವ ರೀತಿಯನ್ನೂ ಅವರ ಹಾಗೇ ಮಾಡಿಕೊಂಡರು. 1961ರ ಜನವರಿಯ ಚಳಿಯಲ್ಲಿ ನ್ಯೂಯಾರ್ಕ್ ಸೇರಿದಾಗ ವಯಸ್ಸು 19.

ಗಥ್ರಿ ಆಗ ನ್ಯೂಜೆರ್ಸಿಯ ಆಸ್ಪತ್ರೆಯಲ್ಲಿದ್ದರು. ಹಂಟಿಂಗ್ಟನ್ಸ್ ಎಂಬ ನರಗಳ ಕಾಯಿಲೆ. ಕೈಕಾಲು ಸ್ವಾಧೀನದಲ್ಲಿಲ್ಲ, ಗಿಟಾರ್ ಹಿಡಿಯಲು ಆಗದು. ಆ ಹಾಸಿಗೆಯ ಪಕ್ಕ ಕೂತು ಈ ಹುಡುಗ ಗಥ್ರಿಯ ಹಾಡುಗಳನ್ನು ಗಥ್ರಿಗೇ ಹಾಡಿ ಕೇಳಿಸುತ್ತಿದ್ದ. ಡಿಲನ್ ಬಗ್ಗೆ ಎಷ್ಟೋ ಕತೆಗಳಿವೆ. ನನ್ನ ಮನಸ್ಸಿನಿಂದ ಹೋಗದೆ ಉಳಿದಿರುವುದು ಇದು.

ಮೊದಲ ಆಲ್ಬಂ ಸೋತಿತಂತೆ, ಹೌದಾ?

ಹೌದು. ಗ್ರೀನಿಚ್ ವಿಲೇಜ್ ಎಂಬ ಬಡಾವಣೆಯ ಕಾಫಿ ಹೌಸ್‌ಗಳಲ್ಲಿ ಹಾಡುತ್ತಿದ್ದ ಹುಡುಗನ ಬಗ್ಗೆ 1961ರ ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಒಳ್ಳೆಯ ವಿಮರ್ಶೆ ಬಂತು. ಕೊಲಂಬಿಯಾ ರೆಕಾರ್ಡ್ ಕಂಪನಿಯ ಜಾನ್ ಹ್ಯಾಮಂಡ್ ಸಹಿ ಹಾಕಿಸಿಕೊಂಡರು. 1962ರ ಮಾರ್ಚ್‌ನಲ್ಲಿ ಬಂದ ಆ ಆಲ್ಬಂ ಮೊದಲ ವರ್ಷ ಸುಮಾರು 5,000 ಪ್ರತಿ ಮಾತ್ರ ಮಾರಾಟವಾಯಿತು. ಅದರಲ್ಲಿ ಅವರ ಸ್ವಂತ ಹಾಡು ಎರಡೇ. ಅದರಲ್ಲೊಂದು ಗಥ್ರಿಗೆ ಬರೆದದ್ದು. ಕಂಪನಿಯೊಳಗೆ ಜನ ಈ ಹುಡುಗನನ್ನು 'ಹ್ಯಾಮಂಡ್ ಮಾಡಿದ ತಪ್ಪು' ಅನ್ನುತ್ತಿದ್ದರು. ಹ್ಯಾಮಂಡ್ ಕೈ ಬಿಡಲಿಲ್ಲ.

ಹಳೆಯ ಹಾಡುಗಳ ಧಾಟಿ ಕದ್ದು ಹಾಡು ಮಾಡಿದರು ಅಂತಾರಲ್ಲ?

ಧಾಟಿ ತಗೊಂಡದ್ದು ನಿಜ. ಅದನ್ನು ಕದಿಯೋದು ಅನ್ನಲು ನನಗೆ ಮನಸ್ಸು ಬರುವುದಿಲ್ಲ.

'ಬ್ಲೋಯಿಂಗ್ ಇನ್ ದ ವಿಂಡ್' ಹಾಡಿನ ಧಾಟಿ ಕರಿಯ ಗುಲಾಮರ ಒಂದು ಹಳೆಯ ಹಾಡಿನಿಂದ ಬಂದದ್ದು. ಇನ್ನು ನನ್ನನ್ನು ಹರಾಜಿಗೆ ನಿಲ್ಲಿಸುವುದಿಲ್ಲ ಅನ್ನುವ ಹಾಡು ಅದು. ಬಿಡುಗಡೆಯಾದವರು ಹಾಡಿದ ಧಾಟಿಯ ಮೇಲೆ, ಇನ್ನೂ ಬಿಡುಗಡೆ ಸಿಗದವರ ಪ್ರಶ್ನೆಗಳನ್ನು ಕೂರಿಸಿದರು. 'ಎ ಹಾರ್ಡ್ ರೇನ್ಸ್ ಎ-ಗಾನಾ ಫಾಲ್' ಹಾಡಿನ ಕಟ್ಟು ಬ್ರಿಟನ್ನಿನ ಹಳೆಯ ಕಥನ ಗೀತೆ 'ಲಾರ್ಡ್ ರಾಂಡಲ್'ನದು. ಅಲ್ಲಿ ತಾಯಿ ಕೇಳುತ್ತಾಳೆ, ಎಲ್ಲಿಗೆ ಹೋಗಿದ್ದೆ ಮಗನೇ? ಮಗ ಉತ್ತರ ಹೇಳುತ್ತಾನೆ. ನುಡಿ ನುಡಿಗೂ ಅವನಿಗೆ ವಿಷ ಹಾಕಿದ್ದಾರೆ ಅನ್ನುವುದು ಬಿಚ್ಚಿಕೊಳ್ಳುತ್ತದೆ. ಡಿಲನ್ ಆ ಪ್ರಶ್ನೋತ್ತರವನ್ನು ಹಾಗೇ ಇಟ್ಟುಕೊಂಡು, ಮಗನ ಬಾಯಲ್ಲಿ ಇಡೀ ಲೋಕ ಕೆಟ್ಟು ಕೂತ ಚಿತ್ರಗಳನ್ನು ಹೇಳಿಸಿದರು. 1962ರಲ್ಲಿ ಬರೆದ ಹಾಡು ಅದು. ಅಣುಬಾಂಬಿನ ಭಯ ಮನೆಮನೆಯಲ್ಲೂ ಇದ್ದ ವರ್ಷ. ವಿಷ ತಿಂದ ಮಗನ ಹಳೆಯ ಹಾಡು ಗೊತ್ತಿದ್ದವರಿಗೆ ಈ ಹೊಸ ಹಾಡು ಇನ್ನೂ ಆಳಕ್ಕೆ ಇಳಿಯುತ್ತದೆ.

'ಗರ್ಲ್ ಫ್ರಮ್ ದ ನಾರ್ತ್ ಕಂಟ್ರಿ' ಹುಟ್ಟಿದ್ದು ಲಂಡನ್ನಿನಲ್ಲಿ ಮಾರ್ಟಿನ್ ಕಾರ್ತಿ ಎಂಬ ಗಾಯಕ ಕಲಿಸಿಕೊಟ್ಟ 'ಸ್ಕಾರ್ಬರೋ ಫೇರ್'ನಿಂದ. ಗಥ್ರಿಯೂ ಹೀಗೇ ಮಾಡುತ್ತಿದ್ದರು. 'ಇಂಥ ಹಾಡಿನ ಧಾಟಿ' ಅಂತ ಮೇಲೆ ಬರೆದು ಕೆಳಗೆ ಹೊಸ ಪದ ಕಟ್ಟುವುದು ನಮಗೇನು ಹೊಸದಲ್ಲ, ಅಲ್ವಾ? ಜನಪದ ಹಾಡು ಉಳಿದುಕೊಂಡು ಬಂದಿರೋದೇ ಹಾಗೆ.

ನಾಗರಿಕ ಹಕ್ಕುಗಳ ಹೋರಾಟದಲ್ಲಿ ಅವರ ಪಾಲು ಎಷ್ಟು?

1963ರ ಜೂನ್‌ನಲ್ಲಿ ಮಿಸಿಸಿಪ್ಪಿಯ ಕರಿಯರ ನಾಯಕ ಮೆಡ್ಗರ್ ಎವರ್ಸ್ ಅವರನ್ನು ಅವರ ಮನೆಯ ಮುಂದೆಯೇ ಗುಂಡಿಟ್ಟು ಕೊಂದರು. ಮುಂದಿನ ತಿಂಗಳು ಡಿಲನ್ ಅದೇ ರಾಜ್ಯದ ಗ್ರೀನ್‌ವುಡ್‌ಗೆ ಹೋದರು. ಕರಿಯರನ್ನು ಮತದಾರರ ಪಟ್ಟಿಗೆ ಸೇರಿಸುವ ಅಭಿಯಾನ ಅಲ್ಲಿ ನಡೆಯುತ್ತಿತ್ತು. ಹೊಲದಲ್ಲಿ ನಿಂತು ಎವರ್ಸ್ ಕೊಲೆಯ ಬಗ್ಗೆ ಹೊಸ ಹಾಡು ಹಾಡಿದರು. ಗುಂಡು ಹೊಡೆದವನು ಬರೀ ಒಂದು ಚದುರಂಗದ ಕಾಯಿ, ಬಡ ಬಿಳಿಯರ ತಲೆಗೆ ದ್ವೇಷ ತುಂಬಿ ಅವರನ್ನು ನಡೆಸುವ ಕೈಗಳು ಬೇರೆ ಇವೆ ಅನ್ನುವುದು ಆ ಹಾಡಿನ ತಿರುಳು. ಕಣ್ಣೀರು ಬತ್ತುವ ಮೊದಲೇ, ಆ ಜನರ ಮುಂದೆಯೇ ಹಾಗೆ ಹೇಳಲು ಧೈರ್ಯ ಬೇಕು. ಆಗಸ್ಟ್ 28ರಂದು ವಾಷಿಂಗ್ಟನ್ ಮೆರವಣಿಗೆಯಲ್ಲೂ, ಮಾರ್ಟಿನ್ ಲೂಥರ್ ಕಿಂಗ್ ಮಾತಾಡಿದ ಅದೇ ವೇದಿಕೆಯಿಂದ, ಆ ಹಾಡು ಹಾಡಿದರು.

ಅದೇ ದಿನ ಇನ್ನೊಂದು ಸುದ್ದಿ ಬಂತು. ಬಾಲ್ಟಿಮೋರ್‌ನ ಒಂದು ಹೋಟೆಲಿನ ಔತಣದಲ್ಲಿ ಹ್ಯಾಟಿ ಕ್ಯಾರಲ್ ಎಂಬ 51 ವರ್ಷದ ಕರಿಯ ಹೆಂಗಸು ಕೆಲಸಕ್ಕಿದ್ದರು. ಕುಡಿದಿದ್ದ ಒಬ್ಬ ಶ್ರೀಮಂತ ತಂಬಾಕು ಜಮೀನುದಾರ, ಕೇಳಿದ್ದು ತಕ್ಷಣ ತಂದುಕೊಡಲಿಲ್ಲ ಅಂತ, ಬೆತ್ತದಿಂದ ಹೊಡೆದ. ಆಕೆ ಕುಸಿದು ಬಿದ್ದು ಸತ್ತರು. ಅವನಿಗೆ ಆಗಸ್ಟ್ 28ರಂದು ಸಿಕ್ಕ ಶಿಕ್ಷೆ ಆರು ತಿಂಗಳ ಜೈಲು.

ಆ ಘಟನೆಯ ಮೇಲೆ ಡಿಲನ್ ಕಟ್ಟಿದ ಹಾಡನ್ನು ಸ್ವಲ್ಪ ಹತ್ತಿರದಿಂದ ನೋಡಿ. ಒಟ್ಟು ನಾಲ್ಕು ನುಡಿ. ಮೊದಲನೆಯದರಲ್ಲಿ ಸಾವು. ಎರಡನೆಯದರಲ್ಲಿ ಅವನ ಸಿರಿವಂತಿಕೆ. ಮೂರನೆಯದರಲ್ಲಿ ಆಕೆ ಮಾಡುತ್ತಿದ್ದ ಕೆಲಸ: ತಟ್ಟೆ ಎತ್ತುವುದು, ಕಸ ಹೊರಗೆ ಒಯ್ಯುವುದು. ಆ ನುಡಿಯಲ್ಲಿ 'ಟೇಬಲ್' ಅನ್ನುವ ಮಾತು ಸಾಲು ಸಾಲಿನ ಕೊನೆಗೆ ಮತ್ತೆ ಮತ್ತೆ ಬರುತ್ತದೆ. ಪ್ರಾಸ ಕೂಡ ಬದಲಾಗುವುದಿಲ್ಲ. ಆಕೆಯ ದಿನವೂ ಹಾಗೇ ಅಲ್ವಾ, ಆ ಟೇಬಲ್ಲಿನಿಂದ ಈ ಟೇಬಲ್ಲಿಗೆ. ಪ್ರತಿ ನುಡಿ ಮುಗಿದಾಗಲೂ, ಅಳುವ ಹೊತ್ತು ಇನ್ನೂ ಬಂದಿಲ್ಲ ಅನ್ನುತ್ತದೆ ಪಲ್ಲವಿ. ನಾಲ್ಕನೇ ನುಡಿಯಲ್ಲಿ ನ್ಯಾಯಾಧೀಶರು ಆರು ತಿಂಗಳು ಅನ್ನುತ್ತಾರೆ. ಆಗ ಪಲ್ಲವಿ ತಿರುಗುತ್ತದೆ: ಈಗ ಅಳಿ. ಆಕೆ ಕರಿಯಳು ಅಂತ ಇಡೀ ಹಾಡಿನಲ್ಲಿ ಒಂದು ಕಡೆಯೂ ಹೇಳಿಲ್ಲ. ಹೇಳದೆಯೇ ಎಲ್ಲರಿಗೂ ಗೊತ್ತಾಗುತ್ತದೆ. ಆಗ ಡಿಲನ್‌ಗೆ 22 ವರ್ಷ.

ಹಾಗಿದ್ದ ಮೇಲೆ ಹೋರಾಟದ ಹಾಡು ಬಿಟ್ಟಿದ್ದು ಯಾಕೆ?

'ಒಂದು ಪೀಳಿಗೆಯ ದನಿ' ಅನ್ನುವ ಬಿರುದು ಅವರಿಗೆ ಹಿಡಿಸಲಿಲ್ಲ. ಜನ ಅವರಿಂದ ಹಾಡು ಕೇಳುವುದು ಬಿಟ್ಟು ಉತ್ತರ ಕೇಳಲು ಶುರು ಮಾಡಿದರು. 1964ರ ಹೊತ್ತಿಗೆ ಒಳಗಿನ ವಿಷಯ ಬರೆಯತೊಡಗಿದರು. ಇದನ್ನು ಬೆನ್ನು ತಿರುಗಿಸಿದ್ದು ಅಂತ ಹಲವರು ಬೇಸರ ಮಾಡಿಕೊಂಡರು. ಅವರನ್ನು ತನ್ನ ವೇದಿಕೆಗೆ ಕರೆದು ಜನರಿಗೆ ಪರಿಚಯಿಸಿದ ಗಾಯಕಿ ಜೋನ್ ಬಾಯೆಜ್‌ಗೂ ಆ ನೋವಿತ್ತು. ಬಾಯೆಜ್ ಹೋರಾಟದ ಜೊತೆಗೇ ನಿಂತರು, ಅದು ದೊಡ್ಡ ಮಾತು. ಆದರೆ ಎಲ್ಲರೂ ಒಂದೇ ಕೆಲಸ ಮಾಡಬೇಕಾಗಿಲ್ಲ. 1975ರಲ್ಲಿ, ಕೊಲೆ ಆರೋಪದಲ್ಲಿ ಜೈಲಿನಲ್ಲಿದ್ದ ಬಾಕ್ಸರ್ ರೂಬಿನ್ ಕಾರ್ಟರ್ ಪರವಾಗಿ 'ಹರಿಕೇನ್' ಅಂತ ಎಂಟು ನಿಮಿಷದ ಹಾಡು ಬರೆದದ್ದೂ ಇದೇ ಡಿಲನ್. ಕಾರ್ಟರ್ ಶಿಕ್ಷೆಯನ್ನು ಕೋರ್ಟು 1985ರಲ್ಲಿ ರದ್ದು ಮಾಡಿತು.

ಫೋಕ್ ರಾಕ್ ಅಂದರೇನು? ಅದನ್ನು ಶುರು ಮಾಡಿದ್ದು ಡಿಲನ್ನಾ?

ಜನಪದ ಹಾಡಿನ ಮಾತು, ಕತೆ. ಜೊತೆಗೆ ರಾಕ್ ಬ್ಯಾಂಡಿನ ಎಲೆಕ್ಟ್ರಿಕ್ ಗಿಟಾರ್, ಡ್ರಮ್. ಎರಡೂ ಸೇರಿದರೆ ಫೋಕ್ ರಾಕ್. ಆ ಹೆಸರು ಜನರ ಬಾಯಿಗೆ ಬಂದದ್ದು 1965ರಲ್ಲಿ, ದ ಬರ್ಡ್ಸ್ ಎಂಬ ಬ್ಯಾಂಡ್ ಡಿಲನ್‌ರ 'ಮಿಸ್ಟರ್ ಟ್ಯಾಂಬರಿನ್ ಮ್ಯಾನ್' ಹಾಡನ್ನು ಹನ್ನೆರಡು ತಂತಿಯ ಎಲೆಕ್ಟ್ರಿಕ್ ಗಿಟಾರಿನಲ್ಲಿ ಹಾಡಿ ಅಮೆರಿಕದಲ್ಲಿ ಮೊದಲ ಸ್ಥಾನಕ್ಕೆ ಒಯ್ದಾಗ. ಆ ವರ್ಷದ ಮಾರ್ಚ್‌ನಲ್ಲೇ ಡಿಲನ್ ಅರ್ಧ ಎಲೆಕ್ಟ್ರಿಕ್ ಆಲ್ಬಂ ತಂದಿದ್ದರು. ಒಬ್ಬರೇ ಹುಟ್ಟಿಸಿದರು ಅನ್ನುವುದು ಸರಿಯಲ್ಲ. ಅವರ ಹಾಡುಗಳಿಲ್ಲದೆ ಅದು ಹುಟ್ಟುತ್ತಿರಲಿಲ್ಲ ಅನ್ನಬಹುದು.

ನ್ಯೂಪೋರ್ಟ್‌ನಲ್ಲಿ ಅಂದು ಏನಾಯಿತು?

1965ರ ಜುಲೈ 25. ನ್ಯೂಪೋರ್ಟ್ ಫೋಕ್ ಫೆಸ್ಟಿವಲ್. ಹಿಂದಿನ ಎರಡು ವರ್ಷ ಬರೀ ಗಿಟಾರ್, ಕುತ್ತಿಗೆಗೆ ಸಿಕ್ಕಿಸಿದ ಮೌತ್ ಆರ್ಗನ್ ಹಿಡಿದು ಅಲ್ಲಿ ಹಾಡಿದ್ದ ಡಿಲನ್, ಈ ಸಲ ಲೆದರ್ ಜಾಕೆಟ್ ಹಾಕಿ, ಎಲೆಕ್ಟ್ರಿಕ್ ಗಿಟಾರ್ ಹಿಡಿದು, ಬ್ಯಾಂಡ್ ಕಟ್ಟಿಕೊಂಡು ಬಂದರು. ಮೂರೇ ಹಾಡು. ಜನ ಬೂ ಅಂತ ಕೂಗಿದರು. ಕೆಲವರು ಚಪ್ಪಾಳೆಯನ್ನೂ ಹೊಡೆದರು. ಆಮೇಲೆ ಒಬ್ಬರೇ ವಾಪಸ್ ಬಂದು ಮಾಮೂಲಿ ಗಿಟಾರಿನಲ್ಲಿ ಎರಡು ಹಾಡು ಹಾಡಿ ಹೋದರು. ಅದರಲ್ಲೊಂದು, ಎಲ್ಲ ಮುಗಿಯಿತು ಅನ್ನುವ ಬೀಳ್ಕೊಡುಗೆಯ ಹಾಡು.

ಬೂ ಅಂದದ್ದು ಯಾಕೆ ಅನ್ನುವ ಜಗಳ ಇವತ್ತಿಗೂ ಮುಗಿದಿಲ್ಲ. ಎಲೆಕ್ಟ್ರಿಕ್ ಸದ್ದಿಗೆ ಸಿಟ್ಟು ಅನ್ನುತ್ತಾರೆ ಕೆಲವರು. ಮೈಕ್ ಸರಿಯಿಲ್ಲದೆ ಮಾತು ಕೇಳಿಸುತ್ತಿರಲಿಲ್ಲ ಅನ್ನುತ್ತಾರೆ ಇನ್ನು ಕೆಲವರು. ಇಷ್ಟು ಬೇಗ ಮುಗಿಸಿದರಲ್ಲ ಅಂತ ಕೂಗಿದರು ಅನ್ನುವವರೂ ಇದ್ದಾರೆ. ನನಗೆ ಮೂರೂ ಇತ್ತು ಅನ್ನಿಸುತ್ತದೆ. ಹಿರಿಯ ಗಾಯಕ ಪೀಟ್ ಸೀಗರ್ ಕೊಡಲಿ ತಂದು ಕೇಬಲ್ ಕಡಿಯಲು ಹೋದರು ಅನ್ನುವ ಕತೆ ಮಾತ್ರ ಬೆಳೆಸಿದ್ದು. ಸದ್ದಿನಲ್ಲಿ ಪದಗಳು ಮುಚ್ಚಿಹೋಗುತ್ತಿದ್ದವು, ಕೊಡಲಿ ಇದ್ದಿದ್ದರೆ ಕೇಬಲ್ ಕತ್ತರಿಸುತ್ತಿದ್ದೆ ಅಂತ ಸಿಟ್ಟಿನಲ್ಲಿ ಅಂದೆ ಎಂದು ಸೀಗರ್ ಅವರೇ ಆಮೇಲೆ ಹೇಳಿದ್ದಾರೆ. ಡಿಲನ್ ಮತ್ತೆ ಆ ವೇದಿಕೆಗೆ ಬಂದದ್ದು 2002ರಲ್ಲಿ.

ಮುಂದಿನ ವರ್ಷ ಇಂಗ್ಲೆಂಡಿನಲ್ಲಿ ಇನ್ನೂ ಕಷ್ಟವಾಯಿತು. 1966ರ ಮೇ 17ರಂದು ಮ್ಯಾಂಚೆಸ್ಟರ್‌ನಲ್ಲಿ ಸಭಿಕರ ನಡುವಿನಿಂದ ಒಬ್ಬ 'ಜೂಡಾಸ್!' ಅಂತ ಕೂಗಿದ. ಏಸುವನ್ನು ಹಿಡಿದುಕೊಟ್ಟವನ ಹೆಸರು ಅದು. ನಿನ್ನನ್ನು ನಾನು ನಂಬುವುದಿಲ್ಲ, ನೀನು ಸುಳ್ಳುಗಾರ ಅಂದರು ಡಿಲನ್. ಆಮೇಲೆ ಬ್ಯಾಂಡಿನ ಕಡೆ ತಿರುಗಿ, ಇನ್ನೂ ಜೋರಾಗಿ ನುಡಿಸಿ ಅಂದರು. ಆ ರೆಕಾರ್ಡಿಂಗ್ ಈಗ ಸಿಗುತ್ತದೆ, ಕೇಳಿ.

ಆವತ್ತು ಜೋರಾಗಿ ನುಡಿಸಿದ ಹಾಡು ಯಾವುದು? ಅದರ ವಿಶೇಷ ಏನು?

'ಲೈಕ್ ಎ ರೋಲಿಂಗ್ ಸ್ಟೋನ್'. ರೇಡಿಯೋದವರು ಸಾಮಾನ್ಯವಾಗಿ ಮೂರು ನಿಮಿಷ ದಾಟಿದ ಹಾಡು ಹಾಕುತ್ತಿರಲಿಲ್ಲ. ಇದು ಆರು ನಿಮಿಷ. ಆದರೂ ಅಮೆರಿಕದ ಪಟ್ಟಿಯಲ್ಲಿ ಎರಡನೇ ಸ್ಥಾನಕ್ಕೆ ಹೋಯಿತು.

ಇದರ ರೆಕಾರ್ಡಿಂಗ್ ಕತೆ ನನಗೆ ತುಂಬ ಇಷ್ಟ. 1965ರ ಜೂನ್. ಆಲ್ ಕೂಪರ್ ಎಂಬ 21ರ ಹುಡುಗ ಸ್ಟುಡಿಯೋಕ್ಕೆ ನೋಡಲು ಅಂತ ಬಂದಿದ್ದ. ಗಿಟಾರ್ ನುಡಿಸುವ ಆಸೆಯಿತ್ತು. ಮೈಕ್ ಬ್ಲೂಮ್‌ಫೀಲ್ಡ್ ಎಂಬ ವಾದಕ ಗಿಟಾರ್ ನುಡಿಸಿದ್ದನ್ನು ಕೇಳಿದ ಮೇಲೆ ತನ್ನದನ್ನು ಪೆಟ್ಟಿಗೆಯೊಳಗಿಟ್ಟ. ಆಮೇಲೆ ಆರ್ಗನ್ ಖಾಲಿ ಕಂಡಾಗ ಹೋಗಿ ಕೂತ. ಆರ್ಗನ್ ಅವನ ವಾದ್ಯವೇ ಅಲ್ಲ. ಸ್ವರ ಸರಿಯಿದೆಯಾ ಅಂತ ಖಾತ್ರಿ ಮಾಡಿಕೊಂಡು, ಉಳಿದವರಿಗಿಂತ ಒಂದು ಕ್ಷಣ ತಡವಾಗಿ ಕೀ ಒತ್ತುತ್ತಿದ್ದ. ಕೇಳಿಸಿಕೊಂಡ ಡಿಲನ್, ಆರ್ಗನ್ ಜೋರು ಮಾಡಿ ಅಂದರು. ಅವನು ಆರ್ಗನ್ ವಾದಕನಲ್ಲ ಅಂತ ನಿರ್ಮಾಪಕ ಟಾಮ್ ವಿಲ್ಸನ್ ಹೇಳಿದರೂ ಬಿಡಲಿಲ್ಲ. ಹೆಡ್‌ಫೋನ್ ಹಾಕಿ ಕೇಳಿದರೆ ಆ ಒಂದು ಕ್ಷಣದ ಹಿಂಜರಿಕೆ ನಿಮಗೂ ಸಿಗುತ್ತದೆ. ಇಡೀ ಹಾಡಿಗೆ ತೂಗಾಟ ಕೊಟ್ಟಿರುವುದೇ ಅದು.

ಬೈಕ್ ಅಪಘಾತದ ಆಮೇಲೆ ಬದಲಾದರು ಅಂತಾರೆ?

1966ರ ಜುಲೈ 29ರಂದು ನ್ಯೂಯಾರ್ಕ್ ರಾಜ್ಯದ ವುಡ್‌ಸ್ಟಾಕ್ ಎಂಬ ಊರಿನ ಹತ್ತಿರ ಬೈಕಿನಿಂದ ಬಿದ್ದರು. ಆಮೇಲೆ ಸುಮಾರು ಎಂಟು ವರ್ಷ ಟೂರ್ ಮಾಡಲಿಲ್ಲ. ಹೆಂಡತಿ ಮಕ್ಕಳ ಜೊತೆ ಇದ್ದರು. ಪಕ್ಕದ ಊರಿನ ಗುಲಾಬಿ ಬಣ್ಣದ ಮನೆಯೊಂದರ ನೆಲಮಾಳಿಗೆಯಲ್ಲಿ, ಮುಂದೆ ದ ಬ್ಯಾಂಡ್ ಅಂತ ಹೆಸರಾದ ಗೆಳೆಯರ ಜೊತೆ, ಸುಮ್ನೆ ಖುಷಿಗೆ ನೂರಕ್ಕೂ ಹೆಚ್ಚು ಹಾಡು ಹಾಡಿಕೊಂಡರು.

ಭಾರತದ ಜೊತೆ ಏನಾದರೂ ನಂಟು ಇದೆಯಾ?

ಇದೆ, ತುಂಬ ಚೆಂದದ್ದು. 1967ರ 'ಜಾನ್ ವೆಸ್ಲಿ ಹಾರ್ಡಿಂಗ್' ಆಲ್ಬಂ ಹೊದಿಕೆ ನೋಡಿ. ಡಿಲನ್ ಎಡಬಲ ನಿಂತವರು ಬಂಗಾಳದ ಬಾವುಲ್ ಗಾಯಕರಾದ ಪೂರ್ಣದಾಸ್ ಮತ್ತು ಲಕ್ಷ್ಮಣದಾಸ್. ಡಿಲನ್‌ರ ಮ್ಯಾನೇಜರ್ ಅವರನ್ನು ವುಡ್‌ಸ್ಟಾಕ್‌ಗೆ ಕರೆಸಿಕೊಂಡಿದ್ದರು. 1971ರ ಆಗಸ್ಟ್ 1ರಂದು ರವಿಶಂಕರ್ ಮತ್ತು ಜಾರ್ಜ್ ಹ್ಯಾರಿಸನ್ ಬಾಂಗ್ಲಾದೇಶದ ನಿರಾಶ್ರಿತರಿಗಾಗಿ ನ್ಯೂಯಾರ್ಕಿನಲ್ಲಿ ನಡೆಸಿದ ಕಾರ್ಯಕ್ರಮಕ್ಕೂ ಡಿಲನ್ ಬಂದು ಹಾಡಿದರು. ಇನ್ನು ಶಿಲ್ಲಾಂಗ್‌ನಲ್ಲಿ ಲೂ ಮಾಜಾ ಎಂಬ ಗಾಯಕ 1972ರಿಂದ ಪ್ರತಿ ಮೇ 24ಕ್ಕೆ ಡಿಲನ್ ಹುಟ್ಟುಹಬ್ಬ ಮಾಡಿಕೊಂಡು ಬಂದಿದ್ದಾರೆ.

ಕಂಠ ಚೆನ್ನಾಗಿಲ್ಲ ಅಲ್ವಾ? ಯಾಕೆ ಕೇಳಬೇಕು?

ಈ ಪ್ರಶ್ನೆಗೆ ನನಗೆ ಬೇಜಾರಿಲ್ಲ. ಮೊದಲ ಸಲ ಕೇಳಿದಾಗ ನಾನೂ ಅರ್ಧಕ್ಕೆ ನಿಲ್ಲಿಸಿದ್ದೆ. ಇಂಪನ್ನೇ ಹುಡುಕಿದರೆ ಸಿಗುವುದಿಲ್ಲ. ಅವರು ಎಲ್ಲಿ ಉಸಿರು ತಗೊಳ್ಳುತ್ತಾರೆ, ಯಾವ ಪದವನ್ನು ಎಳೆಯುತ್ತಾರೆ, ಯಾವುದನ್ನು ಉಗುಳುತ್ತಾರೆ ಅಂತ ಗಮನ ಕೊಡಿ. ಒಳ್ಳೆಯ ಕತೆಗಾರ ಎದುರಿಗೆ ಕೂತು ಹೇಳಿದ ಹಾಗಿರುತ್ತದೆ. ಸಾಹಿತ್ಯ ಎದುರಿಗಿಟ್ಟುಕೊಂಡು ಮೂರು ಸಲ ಕೇಳಿ, ಆಮೇಲೆ ತೀರ್ಮಾನ ಮಾಡಿ.

ಧರ್ಮ ಬದಲಿಸಿದ್ದರಾ?

1970ರ ದಶಕದ ಕೊನೆಯಲ್ಲಿ ಕ್ರೈಸ್ತ ನಂಬಿಕೆಗೆ ಒಲಿದರು. 1979ರಿಂದ ಎರಡು ಮೂರು ವರ್ಷ ಭಕ್ತಿಯ ಹಾಡುಗಳನ್ನೇ ಹಾಡಿದರು. ಆಗಲೂ ಹಳೆಯ ಅಭಿಮಾನಿಗಳು ಕೂಗಾಡಿದರು, ಆಗಲೂ ಅವರು ನಿಲ್ಲಿಸಲಿಲ್ಲ. ಮೊದಲ ಗ್ರ್ಯಾಮಿ ಏಕವ್ಯಕ್ತಿ ಗಾಯನ ಪ್ರಶಸ್ತಿ ಸಿಕ್ಕಿದ್ದೂ ಆ ಕಾಲದ ಹಾಡಿಗೇ.

ಹಾಡುಗಾರನಿಗೆ ಸಾಹಿತ್ಯದ ನೊಬೆಲ್ ಯಾಕೆ?

2016ರ ಅಕ್ಟೋಬರ್ 13ರಂದು ಪ್ರಕಟವಾದಾಗ ಎಲ್ಲ ಕಡೆ ಇದೇ ಚರ್ಚೆ. ಅಮೆರಿಕದ ಹಾಡಿನ ಪರಂಪರೆಯೊಳಗೆ ಕಾವ್ಯಕ್ಕೆ ಹೊಸ ರೂಪ ಕೊಟ್ಟರು ಅನ್ನುವುದು ಸಮಿತಿ ಕೊಟ್ಟ ಕಾರಣ. ವಚನ, ಕೀರ್ತನೆ, ತತ್ವಪದಗಳನ್ನು ಹಾಡಿಕೊಂಡೇ ಸಾಹಿತ್ಯ ಕಲಿತ ನಮಗೆ ಇದು ವಿಚಿತ್ರ ಅನ್ನಿಸಬಾರದು. 1913ರಲ್ಲಿ ನೊಬೆಲ್ ಪಡೆದ ರವೀಂದ್ರನಾಥ ಟ್ಯಾಗೋರ್ ಎರಡು ಸಾವಿರಕ್ಕೂ ಹೆಚ್ಚು ಹಾಡು ಕಟ್ಟಿದವರು.

ಸಮಾರಂಭಕ್ಕೆ ಡಿಲನ್ ಹೋಗಲಿಲ್ಲ. ಗಾಯಕಿ ಪ್ಯಾಟಿ ಸ್ಮಿತ್ 'ಹಾರ್ಡ್ ರೇನ್' ಹಾಡಿದರು. ಎರಡನೇ ನುಡಿಯಲ್ಲಿ ಸಾಲು ಮರೆತು ನಿಂತುಬಿಟ್ಟರು. ಕ್ಷಮಿಸಿ, ತುಂಬ ಗಾಬರಿಯಾಗಿದೆ ಅಂದರು. ಸಭೆ ಚಪ್ಪಾಳೆ ತಟ್ಟಿತು, ಮತ್ತೆ ಹಾಡಿದರು. ಆ ವಿಡಿಯೋ ನೋಡುವಾಗಲೆಲ್ಲ ನನ್ನ ಗಂಟಲು ಕಟ್ಟುತ್ತದೆ. ಪದಕವನ್ನು ಡಿಲನ್ 2017ರ ಏಪ್ರಿಲ್‌ನಲ್ಲಿ ಸ್ಟಾಕ್‌ಹೋಮ್‌ಗೆ ಹೋಗಿ ತಗೊಂಡರು.

ಯಾರ ಮೇಲೆಲ್ಲ ಪ್ರಭಾವ ಬೀರಿದ್ದಾರೆ?

ಪಟ್ಟಿ ಮಾಡಿದರೆ ಮುಗಿಯುವುದಿಲ್ಲ. 1964ರಲ್ಲಿ ಭೇಟಿಯಾದ ಮೇಲೆ ಬೀಟಲ್ಸ್‌ನ ಜಾನ್ ಲೆನನ್ ತನ್ನ ಒಳಗನ್ನೇ ಹಾಡಾಗಿ ಬರೆಯತೊಡಗಿದರು. ಕರಿಯರ ನೋವನ್ನು ಒಬ್ಬ ಬಿಳಿ ಹುಡುಗ ಹೀಗೆ ಹೇಳಬಲ್ಲನಾದರೆ ನಾನು ಯಾಕೆ ಬರೆದಿಲ್ಲ ಅನ್ನಿಸಿ ಕರಿಯ ಗಾಯಕ ಸ್ಯಾಮ್ ಕುಕ್ 'ಎ ಚೇಂಜ್ ಈಸ್ ಗಾನಾ ಕಮ್' ಬರೆದರು. ಜಿಮಿ ಹೆಂಡ್ರಿಕ್ಸ್ 1968ರಲ್ಲಿ 'ಆಲ್ ಅಲಾಂಗ್ ದ ವಾಚ್‌ಟವರ್' ನುಡಿಸಿದ ರೀತಿ ಎಷ್ಟು ಗಟ್ಟಿಯಾಗಿತ್ತೆಂದರೆ, ಆಮೇಲೆ ಡಿಲನ್ ಅವರೇ ಹೆಚ್ಚು ಕಡಿಮೆ ಅದೇ ದಾರಿಯಲ್ಲಿ ಆ ಹಾಡು ಹಾಡಿದರು. ಹಾಡು ತನ್ನದೇ ಆದರೂ ಇನ್ನೊಬ್ಬರಿಂದ ಕಲಿಯುವ ಆ ಗುಣ ನನಗೆ ಬಹಳ ದೊಡ್ಡದು.

ಈ ವಯಸ್ಸಿನಲ್ಲೂ ಹಾಡುತ್ತಾರಾ?

1988ರ ಜೂನ್ 7ರಂದು ಶುರು ಮಾಡಿದ ತಿರುಗಾಟ ಎಂಬತ್ತು ದಾಟಿದ ಮೇಲೂ ನಡೆದಿದೆ. 3,000ಕ್ಕೂ ಹೆಚ್ಚು ಕಾರ್ಯಕ್ರಮಗಳಾಗಿವೆ. ಹಳೆಯ ಹಾಡುಗಳನ್ನು ಗುರುತೇ ಸಿಗದಷ್ಟು ಬದಲಿಸಿ ಹಾಡುತ್ತಾರೆ. ರೆಕಾರ್ಡಿನಲ್ಲಿದ್ದ ಹಾಗೇ ಇರಬೇಕು ಅಂತ ಹೋದವರಿಗೆ ನಿರಾಸೆಯಾಗುತ್ತದೆ. ಓಕ್ಲಹೋಮಾದ ಟಲ್ಸಾದಲ್ಲಿ 2022ರಲ್ಲಿ ಬಾಬ್ ಡಿಲನ್ ಸೆಂಟರ್ ತೆರೆಯಿತು. ಅವರ ಕೈಬರಹದ ಹಾಳೆಗಳು ಅಲ್ಲಿವೆ. ಪಕ್ಕದ ಕಟ್ಟಡ ವುಡಿ ಗಥ್ರಿ ಸೆಂಟರ್.

ಎಲ್ಲಿಂದ ಕೇಳಲು ಶುರು ಮಾಡಲಿ?

1963ರ 'ದ ಫ್ರೀವೀಲಿಂಗ್ ಬಾಬ್ ಡಿಲನ್'ನಿಂದ. ಅದರ ಹೊದಿಕೆಯಲ್ಲಿ ಹಿಮ ಬಿದ್ದ ಬೀದಿಯಲ್ಲಿ ಗೆಳತಿ ಸೂಜ್ ರೊಟೋಲೊ ಡಿಲನ್ ತೋಳಿಗೆ ಅಂಟಿಕೊಂಡು ನಡೆದು ಬರುತ್ತಿದ್ದಾರೆ. ಆತನ ಜಾಕೆಟ್ ಆ ಚಳಿಗೆ ಸಾಲದು, ಭುಜ ಮುದುಡಿವೆ. ಆಮೇಲೆ 1965ರ 'ಹೈವೇ 61 ರೀವಿಸಿಟೆಡ್'. ಆಮೇಲೆ 1975ರ 'ಬ್ಲಡ್ ಆನ್ ದ ಟ್ರ್ಯಾಕ್ಸ್', ಮನಸ್ಸು ಭಾರ ಇರುವ ದಿನ. 1997ರ 'ಟೈಮ್ ಔಟ್ ಆಫ್ ಮೈಂಡ್' ಕೊನೆಗಿರಲಿ.

ಒಂದೇ ಸಂಜೆ ಸಿಕ್ಕರೆ 'ಗರ್ಲ್ ಫ್ರಮ್ ದ ನಾರ್ತ್ ಕಂಟ್ರಿ'ಯನ್ನು ಎರಡು ಸಲ ಕೇಳಿ. ಮೊದಲು 1963ರದ್ದು, 21ರ ಹುಡುಗ ಒಬ್ಬನೇ ಗಿಟಾರ್ ಮೀಟುತ್ತಾ ಹಾಡಿದ್ದು. ಆಮೇಲೆ 1969ರಲ್ಲಿ ಜಾನಿ ಕ್ಯಾಶ್ ಜೊತೆ ಹಾಡಿದ್ದು. ಅಲ್ಲಿ ಇಬ್ಬರೂ ಕೆಲವು ಕಡೆ ಬೇರೆ ಬೇರೆ ಪದ ಹಾಡುತ್ತಾರೆ, ಒಬ್ಬರಿಗೊಬ್ಬರು ಕಾಯುತ್ತಾರೆ. ತಿದ್ದದೆ ಹಾಗೇ ಬಿಟ್ಟಿದ್ದಾರೆ.